ಅಜ್ಜನ ವಿಲ್ಲಿಸ್ ಜೀಪಿಗೆ ಥಾರ್ ಇಂಜಿನ್ ಹಾಕಿಸಬಹುದಾ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮ ಕಾಫಿ ತೋಟ. ಅಜ್ಜ 1968ರಲ್ಲಿ ಕೊಂಡ ಮಹೀಂದ್ರ ವಿಲ್ಲಿಸ್ ಜೀಪು ಇನ್ನೂ ಶೆಡ್ಡಿನಲ್ಲಿದೆ. ಸಿಜೆ-3ಬಿ, ಪೆಟ್ರೋಲ್, ಫೋರ್ ವೀಲ್ ಡ್ರೈವ್. ಇಂಜಿನ್ ಹೊಗೆ ಬಿಡುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಇರುವುದು ಮೂರೇ ಗೇರು. ಹಳೇ ಥಾರ್‌ನ ಸಿಆರ್‌ಡಿಇ (ಕಂಪ್ಯೂಟರ್ ನಿಯಂತ್ರಣದ ಕಾಮನ್ ರೈಲ್) ಡೀಸೆಲ್ ಇಂಜಿನ್ ಮತ್ತು ಐದು ಗೇರಿನ ಬಾಕ್ಸ್ ಹಾಕಿಕೊಡುತ್ತೇನೆ ಅಂತ ಒಬ್ಬ ಮೆಕ್ಯಾನಿಕ್ ಹೇಳುತ್ತಿದ್ದಾರೆ. ತೋಟದ ಕೆಲಸ ಆಗಬೇಕು, ವಾರಕ್ಕೊಮ್ಮೆ ಪೇಟೆಗೆ ಹೋಗಬೇಕು, ಅಪರೂಪಕ್ಕೆ ಚಾರ್ಮಾಡಿ ಇಳಿದು ಮಂಗಳೂರಿಗೂ ಹೋಗುವ ಹಾಗಿರಬೇಕು. ಮಾಡಿಸಬಹುದಾ ಸರ್?

ಉತ್ತರ: ಇಂಜಿನ್ ಕೂರುತ್ತದೆ. ಸಿಜೆ-3ಬಿಯ ಬಾನೆಟ್ ಕೆಳಗೆ ಎತ್ತರಕ್ಕೆ ಬರವಿಲ್ಲ. ಗ್ಯಾಸ್ ಕಟರ್, ವೆಲ್ಡಿಂಗ್ ಮೆಷಿನ್ ಇರುವ ಯಾವ ಗ್ಯಾರೇಜಿನವರಾದರೂ ಕೂರಿಸಿಯೇ ಬಿಡುತ್ತಾರೆ. ಆದರೆ ನೀವು ಹೇಳಿದ ಕೆಲಸಕ್ಕೆ, ಈ ಜೀಪಿಗೆ, ನಾನು ಬೇಡ ಅನ್ನುತ್ತೇನೆ. ಯಾಕೆ ಅಂತ ಬಿಡಿಸಿ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ. ಇಂಜಿನ್ ವಿಷಯ ಕೊನೆಯಲ್ಲಿ ಬರುತ್ತದೆ, ಬೇಜಾರು ಮಾಡ್ಕೋಬೇಡಿ. ಇಂಥ ಕೆಲಸದಲ್ಲಿ ಮೊದಲು ನೋಡಬೇಕಾದ್ದು ಆರ್‌ಸಿ, ಆಮೇಲೆ ಬ್ರೇಕು ಮತ್ತು ಹೌಸಿಂಗು (ಎರಡು ಚಕ್ರಗಳ ನಡುವೆ ಆಕ್ಸಲ್, ಕ್ರೌನ್ ಪಿನಿಯನ್ ಗೇರು ಕೂತಿರುವ ಕಬ್ಬಿಣದ ಕವಚ), ಆಮೇಲೆ ಗೇರ್ ಬಾಕ್ಸು, ಎಲ್ಲಕ್ಕಿಂತ ಕೊನೆಗೆ ಇಂಜಿನ್ನು. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ನಡೆಯುತ್ತದೆ. ಗುಜರಿಯಲ್ಲಿ ಒಳ್ಳೇ ಇಂಜಿನ್ ಬಂದಿದೆ ಅನ್ನುವಲ್ಲಿಂದ ಶುರುವಾಗುತ್ತದೆ. ಅರ್ಧ ಬಿಚ್ಚಿದ ಜೀಪು ಶೆಡ್ಡಿನ ಮೂಲೆಯಲ್ಲಿ ವರ್ಷಗಟ್ಟಲೆ ನಿಲ್ಲುವಲ್ಲಿಗೆ ಮುಗಿಯುತ್ತದೆ.

ಇಂಜಿನ್ ಬದಲಿಸುವುದೇ ತಪ್ಪು ಅನ್ನುವ ಮಡಿವಂತಿಕೆ ನನಗಿಲ್ಲ. ನಿಮ್ಮ ಜೀಪು ಹುಟ್ಟಿದ್ದೇ ಹಾಗೆ. ಅದಕ್ಕಿಂತ ಹಿಂದಿನ ಸಿಜೆ-3ಎಗೆ ತಗ್ಗು ಬಾನೆಟ್ ಇತ್ತು, ಒಳಗೆ ಯುದ್ಧಕಾಲದ ಜೀಪಿನ 60 ಅಶ್ವಶಕ್ತಿಯ ಇಂಜಿನ್ ಇತ್ತು. 1953ರಲ್ಲಿ ವಿಲ್ಲಿಸ್ ಕಂಪನಿ ಅದೇ ಗಾಡಿಗೆ ಹರಿಕೇನ್ ಎಂಬ ಹೊಸ ಇಂಜಿನ್ ಕೂರಿಸಿತು. ಅದರಲ್ಲಿ ಇನ್‌ಟೇಕ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಹಾಗಾಗಿ ಇಂಜಿನ್ ಎತ್ತರವಾಯಿತು, ಹಳೇ ಬಾನೆಟ್ ಮುಚ್ಚಲಿಲ್ಲ. ಬಾನೆಟ್ಟನ್ನೂ ಗ್ರಿಲ್ಲನ್ನೂ ಮೇಲಕ್ಕೆತ್ತಿದರು. ಈಗ ನಮ್ಮ ಕಡೆ ಎಲ್ಲರೂ ಗುರುತು ಹಿಡಿಯುವ ಆ ಉದ್ದ ಮುಖ ಬಂದಿದ್ದು ಅಲ್ಲಿಂದ. 1965ರಲ್ಲಿ ಅಮೆರಿಕದ ಸಿಜೆ-5ಕ್ಕೆ ಬ್ಯೂಕ್‌ನ ವಿ6 ಇಂಜಿನ್ ಹಾಕಿ ಕಂಪನಿಯೇ ಮಾರಿತು. ಮಹೀಂದ್ರದವರು ಮೊದಲು ಟ್ರ್ಯಾಕ್ಟರ್ ಮೂಲದ ಡೀಸೆಲ್ ಇಂಜಿನ್ ಹಾಕಿದರು. 1980ರ ದಶಕದಲ್ಲಿ ಅವರದೇ ಎಂಎಂ 540 ಜೀಪಿಗೆ ಪ್ಯೂಜೋ ಮೂಲದ 2112 ಸಿಸಿ ಡೀಸೆಲ್ ಬಂತು.

ಆದರೆ ಒಂದು ವಿಷಯ ಗಮನಿಸಿ. ಕಂಪನಿ ಇಂಜಿನ್ ಬದಲಿಸಿದಾಗ ಬರೀ ಇಂಜಿನ್ ಬದಲಿಸಿ ಸುಮ್ಮನಾಗಲಿಲ್ಲ. ನಿಮ್ಮ ಜೀಪಿನ ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 80 ಇಂಚು. ಎಂಎಂ 540ಯಲ್ಲಿ ಅದು 91 ಇಂಚು. ಬ್ರೇಕ್ ಡ್ರಮ್ಮು 9 ಇಂಚಿನಿಂದ 11 ಇಂಚಿಗೆ ಹೋಯಿತು. ಗೇರು ಮೂರರಿಂದ ನಾಲ್ಕಾಯಿತು. ಡೀಸೆಲ್ ತಂದ ಭಾರಕ್ಕೆ, ಉದ್ದಕ್ಕೆ, ವೇಗಕ್ಕೆ ಉಳಿದದ್ದೆಲ್ಲ ಹೊಂದಿಕೊಳ್ಳಬೇಕಾಯಿತು. ನಿಮ್ಮ ಮೆಕ್ಯಾನಿಕ್ ಕೊಡುತ್ತಿರುವ ಎಸ್ಟಿಮೇಟಿನಲ್ಲಿ ಇದರಲ್ಲಿ ಎಷ್ಟು ಸೇರಿದೆ ಅಂತ ಕೇಳಿ ನೋಡಿ.

ಈಗ ಆರ್‌ಸಿ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಇಂಧನ ಅಂತ ಇರುವ ಕಡೆ ಏನು ಬರೆದಿದೆ? ಇಂಜಿನ್ ನಂಬರು ಈಗ ಬ್ಲಾಕಿನ ಮೇಲಿರುವುದಕ್ಕೆ ಸರಿಯಾಗಿದೆಯಾ? ಮಲೆನಾಡಿನ ಎಷ್ಟೋ ಜೀಪುಗಳು ದಶಕಗಳ ಹಿಂದೆಯೇ ಡೀಸೆಲ್ ಆಗಿ, ಆರ್‌ಸಿಯಲ್ಲೂ ಹಾಗೇ ದಾಖಲಾಗಿವೆ. ನಿಮ್ಮದರಲ್ಲಿ ಪೆಟ್ರೋಲ್ ಅಂತಲೇ ಇದ್ದರೆ ದಾರಿ ಬಹಳ ಇಕ್ಕಟ್ಟು. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಹೇಳುವುದು ಇಷ್ಟು: ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. ಸಿಎನ್‌ಜಿ, ಬ್ಯಾಟರಿ ಥರದ ಮಂಜೂರಾದ ಕಿಟ್‌ಗಳಿಗೆ ಬೇರೆ ದಾರಿ ಇದೆ. ಬೇರೆ ಗಾಡಿಯ ಡೀಸೆಲ್ ಇಂಜಿನ್ ಆ ಸಾಲಿಗೆ ಸೇರುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿತು. ಆಮೇಲೆ ಆರ್‌ಟಿಒ ಕಚೇರಿಗಳು ಇಂಥದ್ದಕ್ಕೆ ಕೈ ಹಾಕಲು ಹಿಂದೇಟು ಹೊಡೆಯುವುದು ಸಹಜ.

"ಎಲ್ಲರೂ ಮಾಡಿಸಿಕೊಂಡಿದ್ದಾರೆ, ಯಾರು ಕೇಳ್ತಾರೆ" ಅನ್ನುವ ಮಾತು ಗ್ಯಾರೇಜಿನಲ್ಲಿ ಬಂದೇ ಬರುತ್ತದೆ. ಪೊಲೀಸರು ಕೇಳದೇ ಇರಬಹುದು. ಅಪಘಾತ ಆದ ದಿನ ಇನ್ಶೂರೆನ್ಸ್‌ನವರು ಕೇಳುತ್ತಾರೆ. ಘಾಟಿಯಲ್ಲಿ ಎದುರಿಗೆ ಬಂದವರಿಗೆ ಪೆಟ್ಟಾಗಿ, ಬಾನೆಟ್ ಎತ್ತಿ ನೋಡಿದರೆ ಆರ್‌ಸಿಯಲ್ಲಿ ಇಲ್ಲದ ಇಂಜಿನ್ ಇತ್ತು ಅಂದರೆ ಪರಿಹಾರದ ಹೊರೆ ನಿಮ್ಮ ತಲೆಗೇ ಬರಬಹುದು. ಖಾಸಗಿ ಗಾಡಿಗೆ 15 ವರ್ಷದ ನಂತರ ಪ್ರತಿ 5 ವರ್ಷಕ್ಕೆ ನೋಂದಣಿ ನವೀಕರಿಸಬೇಕು ಅಲ್ವಾ, ಆಗಲೂ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ತೋಟದ ಗೇಟು ದಾಟದ ಗಾಡಿಯ ಲೆಕ್ಕ ಬೇರೆ. ನಿಮ್ಮದು ಪೇಟೆಗೂ ಹೋಗಬೇಕು ಅಂತಿದ್ದೀರಿ.

ಇನ್ನೊಂದು ಮಾತೂ ಇಲ್ಲೇ ಹೇಳಿಬಿಡುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿರಬೇಕು. ನಿಮ್ಮ 1968ರ ಜೀಪು ವಯಸ್ಸಿನಲ್ಲಿ ಪಾಸು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ ಆಗದು. ಹಾಗಾಗಿ ಈಗಲೇ ಅದಕ್ಕೆ ಅರ್ಜಿ ಹಾಕಿ ಅಂತ ನಾನು ಹೇಳುವುದಿಲ್ಲ. ನಾಳೆ ನಿಮ್ಮ ಮಕ್ಕಳಿಗೆ ಆ ಬಾಗಿಲು ತೆರೆದಿರಲಿ ಅನ್ನಿಸಿದರೆ ಮೂಲ ಇಂಜಿನ್ ಮಾತ್ರ ಮಾರಬೇಡಿ. ಹರಿಕೇನ್ ಬ್ಲಾಕನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಕೊಟ್ಟು ಆಮೇಲೆ ಹುಡುಕಿಕೊಂಡು ಅಲೆಯುವವರು ಬೇಕಾದಷ್ಟು ಜನ ಇದ್ದಾರೆ.

ಆರ್‌ಸಿ ಹಾಗಿರಲಿ, ಕಬ್ಬಿಣದ ವಿಷಯಕ್ಕೆ ಬರೋಣ. ನನಗೆ ಇಷ್ಟವಾದ ಭಾಗ ಇದು.

ನಿಮ್ಮ ಹರಿಕೇನ್ ಇಂಜಿನ್ನಿನ ಟಾರ್ಕ್, ಅಂದರೆ ತಿರುಚುವ ಬಲ, ಹೊಸದಿದ್ದಾಗ ಸುಮಾರು 155 ನ್ಯೂಟನ್ ಮೀಟರ್. ಇದು ನಿಮ್ಮ ಮೂರು ಗೇರಿನ ಟಿ-90 ಬಾಕ್ಸಿನ ಮೊದಲ ಗೇರಿನಲ್ಲಿ 2.8 ಪಟ್ಟಾಗುತ್ತದೆ. ಫೋರ್ ವೀಲ್ ಬಾಕ್ಸಿನ, ಅಂದರೆ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸಿನ, ಲೋ ಗೇರಿನಲ್ಲಿ ಮತ್ತೆ 2.46 ಪಟ್ಟು. ಕೊನೆಗೆ ಹೌಸಿಂಗಿನ ಕ್ರೌನ್ ಪಿನಿಯನ್‌ನಲ್ಲಿ 5.38 ಪಟ್ಟು. ಗುಣಿಸಿದರೆ ಒಟ್ಟು 37 ಪಟ್ಟು. ಚಕ್ರಗಳಿಗೆ ಹೋಗುವುದು ಸುಮಾರು 5,700 ನ್ಯೂಟನ್ ಮೀಟರ್. ಈ ಜೀಪಿನ ಶಾಫ್ಟ್, ಅದರ ತುದಿಯ ಕ್ರಾಸ್ (ಓರೆಯಲ್ಲೂ ತಿರುಗುವ ಕೀಲು), ಆಕ್ಸಲ್ ಎಲ್ಲ ಆ ಲೆಕ್ಕ ಇಟ್ಟುಕೊಂಡೇ ತಯಾರಾದವು.

ಈಗ ಥಾರ್ ಸಿಆರ್‌ಡಿಇ. 2498 ಸಿಸಿ, 105 ಅಶ್ವಶಕ್ತಿ, ಟಾರ್ಕ್ 247 ನ್ಯೂಟನ್ ಮೀಟರ್, ಅದೂ 1800ರಿಂದ 2000 ಆರ್‌ಪಿಎಂ ಒಳಗೇ. ಅದರ ಬಾಕ್ಸಿನ ಮೊದಲ ಗೇರು 3.8ರ ಆಸುಪಾಸು ಅಂತ ಹಿಡಿಯಿರಿ. ಲೋ ಗೇರು, ಹೌಸಿಂಗು ಹಳೆಯವೇ ಇದ್ದರೆ ಚಕ್ರಕ್ಕೆ ಹೋಗುವುದು 12,000 ದಾಟುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ. ಹೆಚ್ಚುಕಮ್ಮಿ ಒಂದು ಟನ್ ತೂಕದ ಗಾಡಿಗೆ!

"ಹಾಗಾದರೆ ಹಾಕಿಸಿಕೊಂಡವರ ಆಕ್ಸಲ್ ಯಾಕೆ ದಿನಾ ಮುರಿಯುವುದಿಲ್ಲ?" ಅಂತ ಕೇಳಬಹುದು. ಕೆಸರಿನಲ್ಲಿ ಚಕ್ರ ಜಾರುತ್ತದೆ. ಜಾರಿದಷ್ಟು ಹೊತ್ತೂ ಅಷ್ಟೆಲ್ಲ ಬಲ ಆಕ್ಸಲ್‌ಗೆ ಬೀಳುವುದೇ ಇಲ್ಲ. ಮುರಿಯುವುದು ಜಾರುತ್ತಿದ್ದ ಚಕ್ರ ತಟ್ಟನೆ ಬಂಡೆಗೋ ಬೇರಿಗೋ ಕಚ್ಚಿಕೊಂಡಾಗ. ಆಷಾಢದಲ್ಲಿ ಕೊರಕಲು ಏರಿನ ಮಧ್ಯೆ, ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡಿದ್ದಾಗಲೇ ಆಗುತ್ತದೆ. ಇನ್ನೆಲ್ಲಿ ಆಗಬೇಕು ಹೇಳಿ.

ಹಿಂದಿನ ಚಕ್ರದ ನಡುವಿನ ಟೋಪಿ ತೆಗೆದು ನೋಡಿ. ದೊಡ್ಡ ನಟ್ಟು, ಅದಕ್ಕೆ ಕಾಟರ್ ಪಿನ್ ಇದ್ದರೆ ನಿಮ್ಮದು ಹಳೇ ಥರದ ಮೊನಚು ಆಕ್ಸಲ್. ಆಕ್ಸಲ್ ತುದಿ ಶಂಕುವಿನ ಆಕಾರದಲ್ಲಿರುತ್ತದೆ, ಹಬ್ಬು ಅದರ ಮೇಲೆ ಬಿಗಿಯಾಗಿ ಕೂತಿರುತ್ತದೆ, ನಡುವೆ ಒಂದು ಸಣ್ಣ ಚಾವಿ. ನಟ್ಟು ಸ್ವಲ್ಪ ಸಡಿಲಾದರೂ ಇಡೀ ಬಲ ಆ ಚಾವಿಯ ಮೇಲೆ ಬೀಳುತ್ತದೆ. ಚಾವಿ ಕತ್ತರಿಸಿಕೊಂಡರೆ ಗೇರಿನಲ್ಲಿದ್ದರೂ ಗಾಡಿ ಕದಲುವುದಿಲ್ಲ. ಮೂಲ ಇಂಜಿನ್ನಿಗೇ ಈ ನಟ್ಟನ್ನು ಆಗಾಗ ಬಿಗಿ ನೋಡಬೇಕು. ಎರಡು ಪಟ್ಟು ಟಾರ್ಕಿಗೆ ಇದನ್ನು ನಂಬುವ ಧೈರ್ಯ ನನಗಂತೂ ಇಲ್ಲ. ಮುಂದಿನ ಹೌಸಿಂಗು ಹಿಂದಿನದಕ್ಕಿಂತ ಚಿಕ್ಕದು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಲೋ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಹೋಗುವುದು ಮುಂದಿನ ಜಾಯಿಂಟು.

"ಥಾರ್‌ನ ಹೌಸಿಂಗೂ ಹಾಕಿಬಿಡೋಣ" ಅಂತ ಮೆಕ್ಯಾನಿಕ್ ಹೇಳಬಹುದು. ಮುಂದುಗಡೆ ಆಗುವ ಮಾತಲ್ಲ. ಆ ತಲೆಮಾರಿನ ಥಾರ್ ಸಿಆರ್‌ಡಿಇಗೆ ಮುಂದೆ ಗಟ್ಟಿ ಆಕ್ಸಲ್ ಇಲ್ಲ. ಎರಡೂ ಚಕ್ರ ಬೇರೆ ಬೇರೆಯಾಗಿ ಕುಣಿಯುವ ಟಾರ್ಷನ್ ಬಾರ್ ಸಸ್ಪೆನ್ಷನ್. ನಿಮ್ಮದು ಲೀಫ್ ಸ್ಪ್ರಿಂಗ್ ಮೇಲೆ ಕೂತ ಚಾಸಿ. ಹಿಂದಿನ ಹೌಸಿಂಗು ಹಾಕಬಹುದು ಅಂದುಕೊಂಡರೂ ಅದು ಅಗಲ ಜಾಸ್ತಿ. ನಿಮ್ಮ ಜೀಪಿನ ಎರಡು ಚಕ್ರಗಳ ನಡುವಿನ ಅಗಲ ಸುಮಾರು 48 ಇಂಚು ಅಷ್ಟೇ. ಟೈರು ಬಾಡಿಯಿಂದ ಹೊರಗೆ ಬಂದು ಕೆಸರನ್ನೆಲ್ಲ ನಿಮ್ಮ ಬೆನ್ನಿಗೇ ಎರಚುತ್ತದೆ.

ಇನ್ನೂ ಒಂದು ತೊಡಕು. ಜೀಪಿನ ಕೆಳಗೆ ಮಲಗಿ ನೋಡಿದರೆ ಹಿಂದಿನ ಹೌಸಿಂಗಿನ ಗುಂಡು ಭಾಗ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕಿದೆ. ಮುಂದಿನದೂ ಹಾಗೆಯೇ. ಸ್ಪೈಸರ್ 18 ಬಾಕ್ಸು ಇಂಜಿನ್ನಿನ ಬಲವನ್ನು ಪಕ್ಕಕ್ಕೆ ತಂದು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಒಂದೇ ಗೆರೆಯಲ್ಲಿ ಕಳಿಸುತ್ತದೆ. ಹೊಸ ಕಾಲದ ಟ್ರಾನ್ಸ್‌ಫರ್ ಕೇಸುಗಳಲ್ಲಿ ಹಿಂದಿನ ಶಾಫ್ಟು ಗೇರ್ ಬಾಕ್ಸಿನ ನೇರಕ್ಕೇ ಹೊರಡುತ್ತದೆ. ಥಾರ್‌ನ ಬಾಕ್ಸು ಹಾಕಿದರೆ ಶಾಫ್ಟು ನಡುವಿನಿಂದ ಹೊರಟು ಪಕ್ಕಕ್ಕಿರುವ ಹೌಸಿಂಗಿಗೆ ಓರೆಯಾಗಿ ಹೋಗಬೇಕು. ಜೊತೆಗೆ ಐದು ಗೇರಿನ ಬಾಕ್ಸು ಉದ್ದ. ನಿಮ್ಮದು 80 ಇಂಚಿನ ಗಾಡಿ. ಹಿಂದಿನ ಪ್ರೊಪೆಲ್ಲರ್ ಶಾಫ್ಟು ಮೊದಲೇ ಗಿಡ್ಡ, ಈಗ ಮೊಳದಷ್ಟೂ ಉಳಿಯದೇ ಇರಬಹುದು. ಗಿಡ್ಡ ಶಾಫ್ಟಿಗೆ ಇಳಿಜಾರೂ ಜಾಸ್ತಿ, ಓರೆಯೂ ಜಾಸ್ತಿ. ಶಾಫ್ಟಿನ ಎರಡೂ ತುದಿಯ ಕ್ರಾಸಿನಲ್ಲಿ ಕೋನ ಸಮ ಇದ್ದರೆ ಮಾತ್ರ ಒಂದು ಕಡೆಯ ಎಳೆದಾಟವನ್ನು ಇನ್ನೊಂದು ಕಡೆ ಸರಿಮಾಡುತ್ತದೆ. ಇಲ್ಲದಿದ್ದರೆ 40 ಕಿಲೋಮೀಟರ್ ವೇಗಕ್ಕೇ ನಡುಕ ಶುರು. ನಡುಕ ನಿಲ್ಲಿಸಲು ಇಂಜಿನ್ ಮೌಂಟಿನ ರಬ್ಬರು ಬದಲಿಸುತ್ತಾ ಹೋಗುತ್ತಾರೆ. ತಪ್ಪು ಇರುವುದು ಶಾಫ್ಟಿನ ಕೋನದಲ್ಲಿ.

ಕೈಬ್ರೇಕಿನ ಕಥೆ ಇದಕ್ಕಿಂತ ಮುಖ್ಯ, ಯಾರೂ ಹೇಳುವುದಿಲ್ಲ. ಹಳೇ ವಿಲ್ಲಿಸ್‌ನಲ್ಲಿ ಕೈಬ್ರೇಕು ಹಿಂದಿನ ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ತುದಿಯಲ್ಲಿ ಒಂದು ಸಣ್ಣ ಡ್ರಮ್ಮಿದೆ, ಅದು ಶಾಫ್ಟನ್ನೇ ಹಿಡಿದು ನಿಲ್ಲಿಸುತ್ತದೆ. ಆ ಬಾಕ್ಸು ತೆಗೆದರೆ ಕೈಬ್ರೇಕೂ ಹೋಯಿತು. ಹೊಸದನ್ನು ಎಲ್ಲಿ, ಹೇಗೆ ಕೊಡುತ್ತೀರಿ ಅಂತ ಮೆಕ್ಯಾನಿಕನ್ನು ಕೇಳಿ. "ಗೇರಿಗೆ ಹಾಕಿ ಕಲ್ಲು ಕೊಟ್ರೆ ಆಯ್ತು" ಅಂದರೆ ಬೇರೆ ಗ್ಯಾರೇಜು ನೋಡಿಕೊಳ್ಳಿ.

ಕಾಲುಬ್ರೇಕೂ ಅಷ್ಟೇ. 9 ಇಂಚಿನ ಡ್ರಮ್ಮು, ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಇಲ್ಲ, ನಾಲ್ಕೂ ಚಕ್ರಕ್ಕೆ ಒಂದೇ ಮಾಸ್ಟರ್ ಸಿಲಿಂಡರಿನ ಒಂದೇ ಲೈನು. ಎಲ್ಲಾದರೂ ಪೈಪು ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. 40ರಲ್ಲಿ ಹೋಗುವ ಗಾಡಿಗಿಂತ 80ರಲ್ಲಿ ಹೋಗುವ ಗಾಡಿಯನ್ನು ನಿಲ್ಲಿಸಲು ಡ್ರಮ್ಮು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಚಾರ್ಮಾಡಿ ಇಳಿಯುವಾಗ ಡ್ರಮ್ಮು ಕಾದು ಪೆಡಲ್ ಗಟ್ಟಿಯಿದ್ದರೂ ಗಾಡಿ ನಿಲ್ಲದ ಅನುಭವ ನಿಮ್ಮ ಕಡೆಯ ಹಳೇ ಡ್ರೈವರುಗಳಿಗೆಲ್ಲ ಇದ್ದೇ ಇರುತ್ತದೆ. ಪೆಟ್ರೋಲ್ ಇಂಜಿನ್ ಥ್ರಾಟಲ್ ಮುಚ್ಚಿದಾಗ ಇಳಿಜಾರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ. ಡೀಸೆಲ್‌ನಲ್ಲಿ ಗಾಳಿಯ ದಾರಿ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಮೇಲಿನ ಗೇರಿನಲ್ಲಿ ಇಳಿದರೆ ಭಾರವೆಲ್ಲ ಬ್ರೇಕಿಗೇ ಬೀಳುತ್ತದೆ.

ಸಿಆರ್‌ಡಿಇ ಇಂಜಿನ್ನಿನ ವೈರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಪೆಡಲ್, ಇಸಿಯು (ಇಂಜಿನ್ನಿನ ಕಂಪ್ಯೂಟರ್), ಅದಕ್ಕೆ ಜೋಡಿಯಾದ ಕೀಲಿ, ಪೂರ್ತಿ ವೈರಿನ ಹಾರ್ನೆಸ್, ಎಲ್ಲವೂ ಒಂದೇ ಗಾಡಿಯಿಂದ ಬಂದಿರಬೇಕು. ಒಂದು ವೈರು ಕತ್ತರಿಸಿ ಗಂಟು ಹಾಕಿದ್ದರೂ ಮಳೆಗಾಲದಲ್ಲಿ ಅದು ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ತೆರೆದ ಜೀಪು, ತಗಡಿನ ನೆಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ. ಡೀಸೆಲ್ ಟ್ಯಾಂಕಿಗೂ ಇದೇ ಮಾತು. ನಿಮ್ಮ ಟ್ಯಾಂಕು ಡ್ರೈವರ್ ಸೀಟಿನ ಕೆಳಗಿದೆ, ಅರ್ಧ ಶತಮಾನದ ತುಕ್ಕು ಒಳಗಿದೆ. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವ ಇಂಜೆಕ್ಟರಿಗೆ ಆ ಪುಡಿ ಹೋದರೆ ಇಂಜೆಕ್ಟರ್ ಬಿಲ್ಲು ನೋಡಿ ಜೀಪೇ ಅಗ್ಗ ಅನ್ನಿಸುತ್ತದೆ.

ನಿಜಕ್ಕೂ ಬೇಕಿರುವುದು ಸಿಆರ್‌ಡಿಇ ಓಟವೇ ಆದರೆ 2010ರಿಂದ 2020ರ ನಡುವಿನ ಒಂದು ಸೆಕೆಂಡ್ ಹ್ಯಾಂಡ್ ಥಾರ್ ಕೊಂಡುಬಿಡಿ. ಮಂಗಳೂರಿಗೆ ಅದರಲ್ಲಿ ಹೋಗಿ. ಜೀಪು ತೋಟದಲ್ಲಿರಲಿ. ಒಟ್ಟು ಖರ್ಚು ಕೂಡಿ ನೋಡಿದರೆ ಇದು ದುಬಾರಿ ಅನ್ನಿಸಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿ ಜೀಪನ್ನು ಹಾಗೇ ಬಿಡಿ ಅಂದರೆ ನಿಮ್ಮ ಕಷ್ಟ ಹಾಗೇ ಉಳಿಯಿತು. ಹೊಗೆ, ಏರು, ಮೂರು ಗೇರು. ಎರಡು ದಾರಿ ಇದೆ, ಯಾವುದು ಅನ್ನುವುದನ್ನು ನಿಮ್ಮ ಆರ್‌ಸಿ ತೀರ್ಮಾನಿಸಲಿ.

ಆರ್‌ಸಿಯಲ್ಲಿ ಮೊದಲೇ ಡೀಸೆಲ್ ಅಂತ ದಾಖಲಾಗಿದ್ದರೆ, ಮಹೀಂದ್ರದ ಹಳೇ ಮೆಕ್ಯಾನಿಕಲ್ ಡೀಸೆಲ್‌ಗಳ ಕಡೆ ನೋಡಿ. 2523 ಸಿಸಿಯ, ಟರ್ಬೋ ಇಲ್ಲದ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್ನು, ಅದರ ಜೊತೆಗೆ ಎಂಎಂ ಸರಣಿಯ ನಾಲ್ಕು ಗೇರಿನ ಬಾಕ್ಸು. ಕಂಪ್ಯೂಟರ್ ಇಲ್ಲ, ಮಲೆನಾಡಿನ ಯಾವ ಊರಿನಲ್ಲೂ ರಿಪೇರಿ ಆಗುತ್ತದೆ. ಆ ಗೇರ್ ಬಾಕ್ಸಿನ ಹಿಂದೆ ನಿಮ್ಮ ಸ್ಪೈಸರ್ 18 ಜಾತಿಯ ಬಾಕ್ಸೇ ಕೂರುವುದರಿಂದ ಪಕ್ಕಕ್ಕಿರುವ ಹೌಸಿಂಗು, ಕೈಬ್ರೇಕು ಎರಡೂ ಉಳಿಯುತ್ತವೆ. ಆದರೂ ಕೊಳ್ಳುವ ಮೊದಲು ಬಾಕ್ಸಿನ ಉದ್ದ ಅಳೆಯಿರಿ, 80 ಇಂಚಿನ ಚಾಸಿಯಲ್ಲಿ ಹಿಂದಿನ ಶಾಫ್ಟಿಗೆ ಎಷ್ಟು ಉಳಿಯುತ್ತದೆ ನೋಡಿ. ಇಂಜಿನ್ ನಂಬರು ಬದಲಾಗುವುದರಿಂದ ಕೆಲಸಕ್ಕೆ ಮುಂಚೆಯೇ ಆರ್‌ಟಿಒ ಅನುಮತಿ ಕೇಳಬೇಕು. ಇಂಜಿನ್ ಮಾರಿದವರಿಂದ ಬಿಲ್ಲು, ಅದು ಬಂದ ಗಾಡಿಯ ದಾಖಲೆ ತೆಗೆದುಕೊಳ್ಳಿ. ಕದ್ದ ಗಾಡಿಯ ಇಂಜಿನ್ನು ತೋಟಕ್ಕೆ ತಂದರೆ ತಲೆನೋವು ಬೇರೆಯೇ ಥರದ್ದು.

ಈ ದಾರಿಯಲ್ಲಿ ಹೋದವರು ಆಮೇಲೆ ಹೇಳುವ ದೂರು ಒಂದೇ: "ಎಳೆಯುತ್ತೆ, ಆದರೆ ಓಡಲ್ಲ". ಇದೂ ಗೇರಿನ ಲೆಕ್ಕವೇ. 6.00-16 ಟೈರು ಒಂದು ಸುತ್ತಿಗೆ ಸುಮಾರು 2.25 ಮೀಟರ್ ಹೋಗುತ್ತದೆ. 5.38 ಹೌಸಿಂಗಿನಲ್ಲಿ, ಟಾಪ್ ಗೇರಿನಲ್ಲಿ, 60 ಕಿಲೋಮೀಟರ್ ವೇಗಕ್ಕೆ ಇಂಜಿನ್ 2,400 ಆರ್‌ಪಿಎಂ ತಿರುಗಬೇಕು. 80ಕ್ಕೆ 3,200. ಪೆಟ್ರೋಲ್ ಹರಿಕೇನ್ 4,000ದವರೆಗೆ ಹೋಗುವ ಇಂಜಿನ್, ಅದಕ್ಕೆ ಇದು ಪರವಾಗಿಲ್ಲ. ನಿಧಾನ ತಿರುಗುವ ಡೀಸೆಲ್‌ಗೆ 3,200 ಅಂದರೆ ಕೂಗಾಟ. ಕ್ರೌನ್ ಪಿನಿಯನ್ 4.88ಕ್ಕೆ ಬದಲಿಸಿದರೆ 60ಕ್ಕೆ ಸುಮಾರು 2,170, 4.27ಕ್ಕೆ ಬದಲಿಸಿದರೆ 1,900. ತೋಟದ ಏರಿಗೆ ನನ್ನ ಆಯ್ಕೆ 4.88. ಮತ್ತೆ ಒಂದು ಎಚ್ಚರಿಕೆ: ಬದಲಿಸಿದರೆ ಮುಂದೆ, ಹಿಂದೆ ಎರಡೂ ಕಡೆ ಒಂದೇ ಅನುಪಾತ ಇರಬೇಕು. ಹಿಂದಿನದಷ್ಟೇ ಬದಲಿಸಿ ಖರ್ಚು ಉಳಿಸಿದರೆ, ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಒಂದು ವೇಗಕ್ಕೆ, ಹಿಂದಿನದು ಇನ್ನೊಂದು ವೇಗಕ್ಕೆ ಎಳೆಯುತ್ತವೆ. ಒಂದೇ ನೊಗಕ್ಕೆ ಹೋರಿಯನ್ನೂ ಕರುವನ್ನೂ ಕಟ್ಟಿದ ಹಾಗೆ. ಟ್ರಾನ್ಸ್‌ಫರ್ ಕೇಸು ಬೇಗ ಹಾಳಾಗುತ್ತದೆ.

ಇಂಜಿನ್ ಕೂರಿಸುವಾಗ ನೀವೇ ಎದುರು ನಿಂತು ನೋಡಬೇಕಾದ್ದು ಮೂರು. ಇಂಜಿನ್ನಿನ ಆಯಿಲ್ ಸಂಪು ಮುಂದಿನ ಹೌಸಿಂಗಿನ ಮೇಲೆ ಎಷ್ಟು ಎತ್ತರದಲ್ಲಿದೆ? ಸ್ಪ್ರಿಂಗು ಪೂರ್ತಿ ಒತ್ತಿಕೊಂಡಾಗಲೂ ತಾಗಬಾರದು. ಬೆಲ್ ಹೌಸಿಂಗಿಗೂ (ಕ್ಲಚ್ ಮುಚ್ಚುವ ಗಂಟೆಯಾಕಾರದ ಭಾಗ) ಗೇರ್ ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟು ಬಂದರೆ ಅದನ್ನು ಲೇತಿನಲ್ಲಿ ಮಾಡಿ, ಡೋವೆಲ್ ಪಿನ್ ಕೊಟ್ಟು, ಡಯಲ್ ಗೇಜ್ ಇಟ್ಟು ನಡು ಸರಿಯಾಗಿದೆಯಾ ನೋಡಬೇಕು. ಬೋಲ್ಟಿನ ಸಡಿಲದ ಮೇಲೆ ಬಿಟ್ಟರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗು, ಕ್ಲಚ್ ಪ್ಲೇಟು ಪದೇ ಪದೇ ಹೋಗುತ್ತವೆ. ಇನ್ನು ಚಾಸಿ. ಅದು ತೆಳು ಸಿ ಆಕಾರದ ಚಾನೆಲ್. ಮೌಂಟಿನ ಪ್ಲೇಟನ್ನು ಚಾನೆಲಿನ ಮೇಲ್ತುಟಿ, ಕೆಳತುಟಿಗೆ ಅಡ್ಡಡ್ಡ ವೆಲ್ಡ್ ಮಾಡಲು ಬಿಡಬೇಡಿ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಮುಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಮಣ್ಣು ಕೆರೆದು ನೋಡಿ, ಹಳೇ ಬಿರುಕು ಮೊದಲೇ ಇರಬಹುದು.

ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದರೆ ಹರಿಕೇನನ್ನೇ ಬಿಚ್ಚಿ ಕಟ್ಟಿಸಿ. ನೀವು ಬರೆದದ್ದು ಓದಿದರೆ ನಿಮ್ಮದು ಇದೇ ಇರಬೇಕು ಅನ್ನಿಸುತ್ತದೆ, ನನಗೂ ಈ ದಾರಿಯೇ ಇಷ್ಟ. "ಏರಿನಲ್ಲಿ ಎಳೆಯಲ್ಲ" ಅಂದಿರಲ್ಲ, ಅಜ್ಜನ ಕಾಲದಲ್ಲಿ ಇದೇ ಇಂಜಿನ್ನು ಇದೇ ಏರನ್ನು ಎಳೆಯುತ್ತಿತ್ತು. ಸವೆದ ಇಂಜಿನ್ನನ್ನು ಹೊಸ ಡೀಸೆಲ್ ಜೊತೆ ಹೋಲಿಸಿದರೆ ನ್ಯಾಯ ಆಗುವುದಿಲ್ಲ. ಆಗಲೇ ಹೇಳಿದ 37 ಪಟ್ಟಿನ ಲೆಕ್ಕದಲ್ಲಿ, 800 ಆರ್‌ಪಿಎಂ ಐಡಲಿನಲ್ಲಿ ಜೀಪು ಗಂಟೆಗೆ 3 ಕಿಲೋಮೀಟರಿಗೂ ಕಡಿಮೆ ವೇಗದಲ್ಲಿ ತೆವಳುತ್ತದೆ. ತೋಟಕ್ಕೆ ಅಷ್ಟು ಸಾಕು.

ಕಟ್ಟಿಸುವಾಗ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಹಾಕಿಸಿ. ಈ ಇಂಜಿನ್ನು ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ದೇಶದಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತುಹೋಯಿತು. ಹಳೇ ಸೀಟು ಮೆತ್ತಗಿದ್ದರೆ ಸೀಸ ಇಲ್ಲದ ಪೆಟ್ರೋಲಿಗೆ ಅದು ನಿಧಾನಕ್ಕೆ ಬ್ಲಾಕಿನೊಳಗೆ ಕೂತುಕೊಳ್ಳುತ್ತದೆ, ಟ್ಯಾಪೆಟ್ ಸಂದು ಮುಚ್ಚಿ ವಾಲ್ವು ಸುಡುತ್ತದೆ. ಈಗ ಬಂಕಿನಲ್ಲಿ ಬರುವುದು 20% ಎಥೆನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರಿಗೆ ಅದು ವಿಷ. ಫ್ಯುಯೆಲ್ ಪಂಪಿನ ಡಯಾಫ್ರಾಂ, ಹೋಸು, ಕಾರ್ಬ್ಯುರೇಟರ್ ಸೀಲು ಎಲ್ಲ ಈ ಪೆಟ್ರೋಲಿಗೆ ತಡೆಯುವಂಥದ್ದೇ ಇರಲಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ, ಎಥೆನಾಲ್ ನೀರು ಎಳೆದುಕೊಳ್ಳುತ್ತದೆ. ನಿಮ್ಮ ಕಡೆಯ ಜುಲೈ ತಿಂಗಳಿನಲ್ಲಿ ಎಳೆದುಕೊಳ್ಳಲು ಗಾಳಿಯಲ್ಲೇ ಬೇಕಾದಷ್ಟಿರುತ್ತದೆ.

ಮೂರು ಗೇರಿನ ಟಿ-90 ಬಾಕ್ಸನ್ನು ಬೈಯಬೇಡಿ, ಅದು ಗಟ್ಟಿ ಬಾಕ್ಸು. ಮೊದಲ ಗೇರಿಗೆ ಸಿಂಕ್ರೊ (ಓಡುವಾಗಲೂ ಗೇರು ಸಲೀಸಾಗಿ ಬೀಳಿಸುವ ರಿಂಗು) ಇಲ್ಲ, ಗಾಡಿ ನಿಂತ ಮೇಲೆ ಹಾಕಬೇಕು ಅಷ್ಟೇ. ಅದಕ್ಕೆ ಜಿಎಲ್-5 ಆಯಿಲ್ ಹಾಕುವವರಿದ್ದಾರೆ. ಅದರಲ್ಲಿರುವ ಗಂಧಕದ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಹುದು, ಜಿಎಲ್-4 ಸಾಕು. ಹೈವೇ ಓಟಕ್ಕೆ ಅಮೆರಿಕದಲ್ಲಿ ಒಂದು ಉಪಾಯ ಇತ್ತು. ಸ್ಪೈಸರ್ 18 ಬಾಕ್ಸಿನ ಹಿಂದೆ ಪಿಟಿಒ ಬಾಯಿ (ಬೇರೆ ಯಂತ್ರ ಓಡಿಸಲು ಬಲ ತೆಗೆಯುವ ಜಾಗ) ಇದೆಯಲ್ಲ, ಅಲ್ಲಿಗೆ ಒಂದು ಓವರ್‌ಡ್ರೈವ್ ಗಡ್ಡೆ ಕೂರಿಸಿದರೆ ಇಂಜಿನ್ 25% ನಿಧಾನ ತಿರುಗುತ್ತದೆ. 60 ಕಿಲೋಮೀಟರಿಗೆ 2,400 ಇದ್ದದ್ದು 1,800ಕ್ಕೆ ಇಳಿಯುತ್ತದೆ, ಏನನ್ನೂ ಕತ್ತರಿಸಬೇಕಾಗಿಲ್ಲ. ನಮ್ಮಲ್ಲಿ ಸಿಗುವುದು ಅಪರೂಪ. ಎಲ್ಲಾದರೂ ಕಂಡರೆ ಚೌಕಾಸಿ ಮಾಡುತ್ತಾ ನಿಲ್ಲಬೇಡಿ.

ಉಳಿಸಿದ ದುಡ್ಡಿನಲ್ಲಿ ಎಂಎಂ 540ಯ 11 ಇಂಚಿನ ಬ್ರೇಕು ನಿಮ್ಮ ಹೌಸಿಂಗಿಗೆ ಹೊಂದುತ್ತದಾ ಅಂತ ಅಳೆಸಿ, ಹೊಂದಿದರೆ ಹಾಕಿಸಿ. ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸಿ. ಸ್ಟೀರಿಂಗ್ ಬಾಕ್ಸಿನ ಆಟ, ನಡುವಿನ ಬೆಲ್ ಕ್ರ್ಯಾಂಕಿನ ಬುಷ್ ಸರಿಮಾಡಿಸಿ. ಇಷ್ಟು ಮಾಡಿದ ಮೇಲೂ ಮಂಗಳೂರು ರಸ್ತೆಯಲ್ಲಿ ಇದು 60ರ ಗಾಡಿಯೇ. 80ಕ್ಕೆ ಎಳೆಯಬೇಡಿ.

ಇಂಜಿನ್ ಬಿಚ್ಚುವ ಮುಂಚೆ ಈ ವಾರ ಒಂದು ಕೆಲಸ ಮಾಡಿಸಿ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ಗು ತೆಗೆದು, ಥ್ರಾಟಲ್ ಪೂರ್ತಿ ತೆರೆದು ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ಅಳೆಸಿ ಬರೆದಿಡಿ. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಒತ್ತಡ ಏರಿದರೆ ರಿಂಗು, ಬೋರು ಸವೆದಿದೆ, ಪೂರ್ತಿ ಕಟ್ಟಿಸಬೇಕು. ಏರದಿದ್ದರೆ ತೊಂದರೆ ಹೆಚ್ಚಾಗಿ ವಾಲ್ವಿನಲ್ಲಿ, ಖರ್ಚು ಬಹಳ ಕಡಿಮೆ. ಹಾಗಿದ್ದಾಗ "ಹೆಡ್ ಬಿಚ್ಚಿ ವಾಲ್ವ್ ಗ್ರೈಂಡ್ ಮಾಡಿದ್ದೀನಿ" ಅಂತ ಮೆಕ್ಯಾನಿಕ್ ಹೇಳಿದರೆ, ಎಕ್ಸಾಸ್ಟ್ ವಾಲ್ವುಗಳದ್ದೂ ಆಯಿತಾ ಅಂತ ಕೇಳಿ. ಹೆಡ್ಡಿನ ಜೊತೆ ಕೈಗೆ ಬರುವುದು ಇನ್‌ಟೇಕ್ ಮಾತ್ರ. ಎಕ್ಸಾಸ್ಟ್ ನಾಲ್ಕೂ ಬ್ಲಾಕಿನಲ್ಲೇ ಉಳಿದಿರುತ್ತವೆ. ಅವುಗಳ ಸ್ಪ್ರಿಂಗ್ ಬಿಚ್ಚಲು ಬ್ಲಾಕಿನ ಪಕ್ಕದ ಟ್ಯಾಪೆಟ್ ಕವರ್ ತೆಗೆಯಲೇಬೇಕು.